ಕೆಟ್ಟ ಸುದ್ದಿಯ ಮರುದಿನದ ರಾತ್ರಿಶಾಲೆ

(ಸಂಘದ ಆಶ್ರಯದಲ್ಲಿ ನಡೆದ ರಾತ್ರಿಶಾಲಾ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳು)



ಇಂದು ನಮಗೆ ಒಪ್ಪಿಸಿದ ವಿಷಯ ‘ವಿದ್ಯಾರ್ಥಿ ಜೀವನದಲ್ಲಿ ಧೈರ್ಯ’ ಎಂಬುದು. ಆಮಂತ್ರಣ ಪತ್ರಿಕೆಯಲ್ಲಿ ಹಾಗೆಯೇ ಅಚ್ಚಾಗಿದೆ. ಆದರೆ ಧೈರ್ಯದ ವಿಷಯದಲ್ಲಿ ಭಾಷಣ ಮಾಡುವ ಅಧಿಕಾರ ನಮಗಿಲ್ಲ. ಹೆದರಿಕೆಯ ವಿಷಯದಲ್ಲಿ ಸ್ವಲ್ಪ ಇದೆ. ಆದುದರಿಂದ ಅಧ್ಯಕ್ಷರ ಅಪ್ಪಣೆಯನ್ನು ಪಡೆದು ಆ ಕಡೆಯಿಂದಲೇ ಹೊರಡುತ್ತೇವೆ.

ಈ ಮಾತಿಗೆ ಕಾರಣವಾದದ್ದು 2025ರ ಜೂನ್ ತಿಂಗಳ ಒಂದೇ ವಾರ. ಆ ತಿಂಗಳ 9ನೆಯ ತಾರೀಕು ಸೋಮವಾರ, ಬೆಳಗಿನ ಗರ್ದಿಯಲ್ಲಿ, ಮುಂಬ್ರಾದ ಹತ್ತಿರ ಲೋಕಲ್ ಗಾಡಿಯ ಬಾಗಿಲಲ್ಲಿ ಜೋತುಕೊಂಡಿದ್ದವರು ಹಳಿಯ ಮೇಲೆ ಬಿದ್ದು ಪ್ರಾಣ ಕಳೆದುಕೊಂಡರು. ಮೂರು ದಿನ ಕಳೆದು 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನ, ಏರಿದ ಒಂದು ನಿಮಿಷದೊಳಗೆ, ವೈದ್ಯಕೀಯ ಕಾಲೇಜಿನ ಹುಡುಗರು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ ಕಟ್ಟಡದ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವನು ಒಬ್ಬನೇ. ಕೆಳಗೆ ಊಟಕ್ಕೆ ಕುಳಿತವರಲ್ಲಿಯೂ ಸತ್ತರು.

ನಮ್ಮ ರಾತ್ರಿಶಾಲೆಯ ಇಬ್ಬರು ಹುಡುಗರು ಆ ವಾರದ ಮೇಲೆ ತರಗತಿಗೆ ಬರಲಿಲ್ಲ. ಒಬ್ಬ ಅದೇ ಠಾಣೆ ಕಡೆಯ ಗಾಡಿಯಲ್ಲಿ ಬಾಗಿಲಲ್ಲಿ ನಿಂತು ಬರುವವನು. ಇನ್ನೊಬ್ಬ ಎಲ್ಲಿಗೂ ಗಾಡಿಯಲ್ಲಿ ಹೋಗುವವನೇ ಅಲ್ಲ, ವಿಮಾನವನ್ನು ಆಕಾಶದಲ್ಲಿ ಬಿಟ್ಟು ಕಂಡವನಲ್ಲ. ಅವನು ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗ. ಆ ಊಟದ ಮನೆಯಲ್ಲಿ ಮೇಜಿನ ಮೇಲೆ ಅರ್ಧ ಉಂಡ ತಟ್ಟೆಗಳು ಹಾಗೆಯೇ ಉಳಿದಿದ್ದ ಚಿತ್ರವನ್ನು ಮೊಬೈಲಿನಲ್ಲಿ ರಾತ್ರಿಯೆಲ್ಲ ನೋಡಿದನಂತೆ. ಮರುದಿನದಿಂದ ಅವನಿಗೆ ಗಿರಾಕಿ ಬಿಟ್ಟೆದ್ದ ತಟ್ಟೆಯನ್ನು ಮುಟ್ಟುವಾಗ ಕೈ ನಡುಗುತ್ತದೆ. ಇದನ್ನು ಕೇಳಿ ನಮ್ಮ ಪೈಕಿಯವರೇ ಕೆಲವರು ನಕ್ಕರು. ‘ಪುಕ್ಕಲು ಮಾರಾಯ, ಊರಿಗೆ ಕಳಿಸಿ’ ಎಂದರು. ಆ ನಗೆಯನ್ನು ನಾವು ಮೊದಲೇ ಕೇಳಿದ್ದೇವೆ. ಕೇಳಿದ್ದು ಮಾತ್ರವಲ್ಲ, ನಾವೂ ನಕ್ಕಿದ್ದೇವೆ. ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆವು.

2008ನೆಯ ಇಸವಿಯ ಮಾತು. ನಾವು ಮೂವರು ಭಾಯ್ಖಳದ ಒಂದು ಹೋಟೆಲಿನ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಮೂವರೂ ಊರಿನಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದವರು. ಹಗಲು ಟೇಬಲು ಒರೆಸುವುದು, ಕಪ್ಪುಬಸಿ ತೊಳೆಯುವುದು, ಆಫೀಸುಗಳಿಗೆ ಚಹ ಒಯ್ಯುವುದು. ಸಂಜೆ ಆರಕ್ಕೆ ಕೈಕಾಲು ತೊಳೆದು, ಅಂಗಿ ಬದಲಿಸಿ, ಫೋರ್ಟಿನಲ್ಲಿದ್ದ ರಾತ್ರಿಶಾಲೆಗೆ ಓಡುವುದು. ಅಂಗಿ ಬದಲಿಸಿದರೂ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲ. ತರಗತಿಯಲ್ಲಿ ಎಲ್ಲರ ಮೈಯೂ ಅದೇ ವಾಸನೆಯಾದ್ದರಿಂದ ನಾಚಿಕೆಯಿರಲಿಲ್ಲ. ಆ ವರ್ಷ ನಾವು ಹತ್ತನೆಯ ಇಯತ್ತೆ. ಮಾರ್ಚಿನಲ್ಲಿ ಎಸ್.ಎಸ್.ಸಿ. ಪರೀಕ್ಷೆ. ಮೂವರಲ್ಲಿ ಗಣಿತದಲ್ಲಿ ಒಬ್ಬ ಗಟ್ಟಿ, ಕನ್ನಡದಲ್ಲಿ ಒಬ್ಬ ಗಟ್ಟಿ, ಕುಂದಾಪುರದ ಕಡೆಯಿಂದ ಬಂದ ಚಿಕ್ಕವನು ಎಲ್ಲದರಲ್ಲಿಯೂ ಗಟ್ಟಿ.

ನವೆಂಬರ್ 26, ಬುಧವಾರ. ಶಾಲೆ ಬಿಟ್ಟ ಮೇಲೆ ನಾವು ನೇರವಾಗಿ ಸಿ.ಎಸ್.ಟಿ. ಸ್ಟೇಶನ್ನಿಗೆ ಹೋಗಿ ಲೋಕಲ್ ಹಿಡಿಯಬೇಕಾಗಿತ್ತು. ಅಂದು ಕಟಕಿನಲ್ಲಿ ಇಂಗ್ಲಂಡಿನೊಂದಿಗೆ ಕ್ರಿಕೆಟ್ ಆಟ. ದಾರಿಯಲ್ಲಿ ಒಂದು ಅಂಗಡಿಯ ಟಿ.ವಿ.ಯ ಮುಂದೆ ಜನ ನಿಂತಿದ್ದರು, ನಾವೂ ನಿಂತೆವು. ಭಾರತ ಗೆದ್ದಿತು. ಸ್ವಲ್ಪ ಹೊತ್ತಿನಲ್ಲಿ ಸ್ಟೇಶನ್ನಿನ ಕಡೆಯಿಂದ ಪಟಪಟ ಸದ್ದು ಬಂತು. ಗೆದ್ದದ್ದಕ್ಕೆ ಪಟಾಕಿ ಹೊಡೆಯುತ್ತಿದ್ದಾರೆಂದು ನಮ್ಮಲ್ಲೊಬ್ಬ ಚಪ್ಪಾಳೆ ತಟ್ಟಿದ. ಅಂದು ರಾತ್ರಿ ಮುಂಬಯಿಯಲ್ಲಿ ಬಹಳ ಜನರು ಹಾಗೆಯೇ ತಿಳಿದರೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ಅಷ್ಟರಲ್ಲಿ ಜನ ನಮ್ಮ ಕಡೆಗೆ ಓಡಿ ಬಂದರು. ಓಡುವವರನ್ನು ಕಂಡು ನಾವೂ ಓಡಿದೆವು. ಚಪ್ಪಲಿ ಹೋಯಿತು, ಇಬ್ಬರ ಪುಸ್ತಕದ ಚೀಲ ರಸ್ತೆಯಲ್ಲಿ ಬಿತ್ತು. ಒಂದು ಗಲ್ಲಿಯಲ್ಲಿ ನಮ್ಮ ಊರಿನವರದೇ ಹೋಟೆಲು, ಅರ್ಧ ಶಟರು ಎಳೆದಿದ್ದರು. ಒಳಗೆ ಎಳೆದುಕೊಂಡರು. ಇಪ್ಪತ್ತು ಮೂವತ್ತು ಮಂದಿ ಕತ್ತಲೆಯಲ್ಲಿ ಕುಳಿತೆವು. ಮ್ಯಾನೇಜರರು ದೀಪ ಹಚ್ಚದೆ, ಗ್ಯಾಸಿನ ಉರಿಯ ಬೆಳಕಿನಲ್ಲಿಯೇ ಎಲ್ಲರಿಗೂ ಚಹ ಮಾಡಿಸಿ ಕೊಟ್ಟರು. ಬೆಳಿಗ್ಗೆ ಒಬ್ಬರಿಂದಲೂ ದುಡ್ಡು ಮುಟ್ಟಲಿಲ್ಲ. ಅವರ ಹೆಸರನ್ನು ಕೇಳಲಿಕ್ಕೂ ನಮಗೆ ಆಗ ತೋಚಲಿಲ್ಲ.

ಅಂದು ಸಮುದ್ರದ ದಾರಿಯಿಂದ ಬಂದ ಹತ್ತು ಮಂದಿ ಏನೇನು ಮಾಡಿದರೆಂಬುದು ಲೋಕಕ್ಕೆಲ್ಲ ಗೊತ್ತು. ಸಿ.ಎಸ್.ಟಿ.ಯಲ್ಲಿ ಊರಿಗೆ ಹೋಗುವ ಗಾಡಿಗಾಗಿ ಗಂಟುಮೂಟೆಯೊಂದಿಗೆ ಕಾದಿದ್ದ ಬಡವರ ಮೇಲೆ, ಕೊಲಾಬಾದ ಲಿಯೊಪೋಲ್ಡ್ ಹೋಟೆಲಿನಲ್ಲಿ, ತಾಜ್‌ನಲ್ಲಿ, ಒಬೆರಾಯ್ ಟ್ರೈಡೆಂಟ್‌ನಲ್ಲಿ, ನರಿಮನ್ ಹೌಸ್‌ನಲ್ಲಿ, ಕಾಮಾ ಆಸ್ಪತ್ರೆಯ ಬಳಿಯಲ್ಲಿ ಗುಂಡು. ದೂರದ ವಿಲೆಪಾರ್ಲೆಯಲ್ಲಿಯೂ ಒಂದು ಟ್ಯಾಕ್ಸಿ ಸಿಡಿಯಿತು. 29ನೆಯ ತಾರೀಕು ಶನಿವಾರ ಬೆಳಿಗ್ಗೆ ಮುಗಿಯುವಾಗ 166 ಜನ ಪ್ರಾಣ ಕಳೆದುಕೊಂಡಿದ್ದರು. ಸತ್ತವರಲ್ಲಿ ಹೋಟೆಲು ಕೆಲಸಗಾರರೂ ಇದ್ದರು — ಗಿರಾಕಿಗಳನ್ನು ಹಿಂದಿನ ಬಾಗಿಲಿನಿಂದ ದಾಟಿಸುತ್ತ ಸತ್ತ ಅಡಿಗೆಯವರು, ವೇಟರುಗಳು. ಸ್ಟೇಶನ್ನಿನಲ್ಲಿ ವಿಷ್ಣು ಝೇಂಡೆ ಎಂಬ ಅನೌನ್ಸರರು ತಮ್ಮ ಕೋಣೆಯನ್ನು ಬಿಡದೆ, ಜನರಿಗೆ ಹೊರಗೆ ಹೋಗುವ ದಾರಿಯನ್ನು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಕಾಮಾ ಆಸ್ಪತ್ರೆಯಲ್ಲಿ ಅಂಜಲಿ ಕುಲ್ಥೆ ಎಂಬ ದಾದಿ 20 ಮಂದಿ ಗರ್ಭಿಣಿಯರನ್ನು ಬಾಗಿಲು ಮುಚ್ಚಿ ಕಾಪಾಡಿದರು. ಇವರೆಲ್ಲರ ಧೈರ್ಯವನ್ನು ಹೊಗಳಿದಷ್ಟೂ ಕಡಿಮೆ. ಆದರೆ ನಾವು ಮೂವರು ಅಂಥವರಲ್ಲ. ನಾವು ಕತ್ತಲೆಯಲ್ಲಿ ಚಹ ಕುಡಿದವರು.

ಇನ್ನು ನಮ್ಮ ನಿಜವಾದ ಕಥೆ ಆ ರಾತ್ರಿಯದಲ್ಲ, ಆಮೇಲಿನ ದಿನಗಳದು.

27ರಂದು ಶಾಲೆ ಕಾಲೇಜುಗಳಿಗೆ ರಜೆ. ನಾವು ಬೆಳಿಗ್ಗೆ ನಡೆದುಕೊಂಡು ಭಾಯ್ಖಳಕ್ಕೆ ಬಂದೆವು. ಹೋಟೆಲಿನ ಒಂದು ಬಾಗಿಲು ತೆರೆದಿತ್ತು. ಗಿರಾಕಿ ಕಡಿಮೆ, ಬಂದವರು ಟಿ.ವಿ. ನೋಡಲು ಬಂದವರು. ಗಲ್ಲಾದ ಮೇಲಿನ ಆ ಟಿ.ವಿ.ಯಲ್ಲಿ ಎರಡು ಹಗಲು ಮೂರು ರಾತ್ರಿ ತಾಜ್‌ನ ಗುಮ್ಮಟ ಉರಿಯಿತು. ಚಹ ಇಡುವಾಗ ನೋಡಿದೆವು, ಟೇಬಲು ಒರೆಸುವಾಗ ನೋಡಿದೆವು, ಬಾಗಿಲು ಹಾಕಿದ ಮೇಲೆ ಮಾಳಿಗೆಗೆ ಹೋಗದೆ ಕುಳಿತು ನೋಡಿದೆವು. ಶುಕ್ರವಾರ ಸಿ.ಎಸ್.ಟಿ.ಯಲ್ಲಿ ಮತ್ತೆ ಗುಂಡು ಹಾರಿತೆಂದು ಸುದ್ದಿ ಎದ್ದಿತು. ಅದು ಶುದ್ಧ ಸುಳ್ಳು. ಆದರೆ ಆ ಸುಳ್ಳಿಗೂ ನಮ್ಮ ಮೈ ನಿಜಕ್ಕೆ ನಡುಗಿದಷ್ಟೇ ನಡುಗಿತು. ಆ ನೇರ ಪ್ರಸಾರ ಪೊಲೀಸರ, ಕಮಾಂಡೋಗಳ ಜೀವಕ್ಕೇ ಅಪಾಯ ತಂದಿತೆಂದು 2012ರಲ್ಲಿ ಸುಪ್ರೀಂ ಕೋರ್ಟು ತನ್ನ ತೀರ್ಪಿನಲ್ಲಿ ಖಂಡಿಸಿತು. ನೋಡುತ್ತ ಕುಳಿತವರಿಗೆ ಏನಾಯಿತೆಂಬುದನ್ನು ಯಾವ ಕೋರ್ಟೂ ವಿಚಾರಿಸಲಿಲ್ಲ. ಅದು ಕೋರ್ಟಿನ ಕೆಲಸವೂ ಅಲ್ಲವೆನ್ನಿ.

ಸೋಮವಾರ, ಡಿಸೆಂಬರ್ 1ರಂದು, ಶಾಲೆಗೆ ಹೋದೆವು. ಕನ್ನಡದ ಮಾಸ್ತರರು ಅಂದು ಪಾಠ ಮಾಡಲಿಲ್ಲ. ಹಲಗೆಯನ್ನು ಒರೆಸಿ, ಕುರ್ಚಿಯನ್ನು ಬೆಂಚುಗಳ ಹತ್ತಿರಕ್ಕೆ ಎಳೆದುಕೊಂಡು, ‘ಬುಧವಾರ ರಾತ್ರಿ ಯಾರು ಎಲ್ಲಿದ್ದಿರಿ, ಒಬ್ಬೊಬ್ಬರೇ ಹೇಳಿ’ ಎಂದರು. ಮೊದಲು ತಾವೇ ಹೇಳಿದರು. ಮನೆಗೆ ಹೋಗಲು ಗಾಡಿಯಿಲ್ಲದೆ ರಾತ್ರಿಯೆಲ್ಲ ಒಂದು ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದರಂತೆ. ಹೆಂಡತಿಗೆ ಫೋನು ಸಿಕ್ಕದೆ ಅತ್ತುಬಿಟ್ಟರಂತೆ. ಮಾಸ್ತರರು ಅಳುವುದುಂಟೆಂದು ನಮಗೆ ಅಂದೇ ತಿಳಿದದ್ದು. ಒಬ್ಬೊಬ್ಬ ಹುಡುಗನೂ ಹೇಳಿದ. ನಮ್ಮ ಕುಂದಾಪುರದವನು ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ. ಗಣಿತದ ಗಟ್ಟಿಯವನು, ತನಗೆ ನಾಲ್ಕು ರಾತ್ರಿಯಿಂದ ನಿದ್ದೆಯಿಲ್ಲ, ಸ್ಟೇಶನ್ನಿನೊಳಗೆ ಕಾಲಿಡಲಾರೆ ಎಂದು ನಾಚಿಕೆ ಬಿಟ್ಟು ಹೇಳಿದ. ಮೂರನೆಯವನ ಸರದಿ ಬಂತು. ಅವನು ಎದ್ದು ನಿಂತು ‘ಏನೂ ಆಗಲಿಲ್ಲ ಸರ್’ ಎಂದು ಕುಳಿತ.

ಆ ಮೂರನೆಯವನು ಯಾರೆಂದು ತಿಳಿಯಲು ನಿಮಗೆ ಕಷ್ಟವಿಲ್ಲ. ಏಳನೆಯ ಇಯತ್ತೆಯ ಸರ್ಟಿಫಿಕೇಟಿನ ಮೇಲೆ ಇನ್ನೊಂದು ಕಾಗದ ಸೇರದೆ, ಅದೊಂದನ್ನೇ ಇಂದಿಗೂ ಟ್ರಂಕಿನಲ್ಲಿ ಇಟ್ಟುಕೊಂಡವನು ಈ ವೇದಿಕೆಯ ಮೇಲೆ ಮಾತಾಡುತ್ತಿದ್ದಾನೆ.

ಅಂದು ಇನ್ನೊಂದು ನಡೆಯಿತು, ಅದನ್ನೂ ಹೇಳಬೇಕು. ನಮ್ಮ ತರಗತಿಯಲ್ಲಿ ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಹುಡುಗನಿದ್ದ, ಡೋಂಗ್ರಿಯ ಬೇಕರಿಯಲ್ಲಿ ಕೆಲಸ. ನಮ್ಮೊಂದಿಗೆ ತುಳುವಿನಲ್ಲಿ ಮಾತಾಡುತ್ತಿದ್ದ, ಶನಿವಾರ ಬೇಕರಿಯಿಂದ ಒಡೆದ ಬಿಸ್ಕೀಟು ಪೊಟ್ಟಣ ಕಟ್ಟಿ ತರುತ್ತಿದ್ದ. ಅಂದು ಅವನ ಬೆಂಚಿನಲ್ಲಿ ಯಾರೂ ಕೂಡಲಿಲ್ಲ. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ; ಕೂಡಲಿಲ್ಲ, ಅಷ್ಟೆ. ನಾವೂ ಕೂಡಲಿಲ್ಲ. ಅವನಿಗೆ ನಮ್ಮೆಲ್ಲರಿಗಿದ್ದ ಹೆದರಿಕೆಯ ಮೇಲೆ ನಮ್ಮ ಹೆದರಿಕೆ ಬೇರೆ. ಅದೇ ದಿನಗಳಲ್ಲಿ ಮರೀನ್ ಲೈನ್ಸಿನ ಬಡಾ ಕಬರಸ್ತಾನದ ಮುಸ್ಲಿಂ ಟ್ರಸ್ಟಿನವರು, ಸತ್ತ ಒಂಬತ್ತು ಕೊಲೆಗಡುಕರ ಹೆಣಗಳಿಗೆ ತಮ್ಮ ಮಣ್ಣಿನಲ್ಲಿ ಜಾಗವಿಲ್ಲವೆಂದು ಹೇಳಿಬಿಟ್ಟಿದ್ದರು. ಆ ಸುದ್ದಿಯನ್ನು ನಾವು ಓದಿಯೂ ಇದ್ದೆವು. ಓದಿದ್ದು ಬೆಂಚಿನ ತನಕ ಬರಲಿಲ್ಲ. ಅವನ ಸರದಿ ಬಂದಾಗ ಅವನು ತಲೆ ಎತ್ತದೆ ‘ನಾನು ಬೇಕರಿಯಲ್ಲಿದ್ದೆ’ ಎಂದಷ್ಟೇ ಹೇಳಿದ. ಆಗ ಗಣಿತದವನು ತನ್ನ ಜಾಗದಿಂದ ಎದ್ದುಹೋಗಿ ಅವನ ಪಕ್ಕದಲ್ಲಿ ಕುಳಿತ. ಮಾಸ್ತರರು ಅದನ್ನು ಕಂಡೂ ಕಾಣದವರ ಹಾಗೆ ಎದ್ದು, ಹಲಗೆಯ ಮೇಲೆ ಒಂದು ಪದ್ಯದ ಪ್ರಶ್ನೆಗಳನ್ನು ಬರೆಸಲು ತೊಡಗಿದರು. ಉಳಿದ ಅರ್ಧ ಗಂಟೆ ಪಾಠ ನಡೆಯಿತು. ಅಂದು ಹತ್ತು ಸಾಲು ಬರೆದ ನೆನಪಿದೆ. ಆ ಹತ್ತು ಸಾಲು ಬರೆಯುವಷ್ಟು ಹೊತ್ತು ಗುಮ್ಮಟದ ಬೆಂಕಿ ಕಣ್ಣಿಗೆ ಕಾಣಲಿಲ್ಲವೆಂಬುದು ಎಷ್ಟೋ ವರ್ಷದ ಮೇಲೆ ನಮಗೆ ಹೊಳೆಯಿತು.

ರಾತ್ರಿ ಮಾಳಿಗೆಯ ಮೇಲೆ ಚಿಕ್ಕವನನ್ನು ಹಿಡಿದುಕೊಂಡು ನಕ್ಕೆವು. ತರಗತಿಯಲ್ಲಿ ಹೆಂಗಸಿನ ಹಾಗೆ ಅತ್ತೆಯಲ್ಲ ಎಂದು ಅವನ ಹಾಗೆಯೇ ಅತ್ತು ತೋರಿಸಿದೆವು. ಅಡಿಗೆಮನೆಯ ದೊಡ್ಡವರೂ ನಕ್ಕರು. ಮರುದಿನ ಮೋರಿಯಲ್ಲಿ ಒಂದು ಸ್ಟೀಲಿನ ತಟ್ಟೆ ಕೈಜಾರಿ ಬಿದ್ದಾಗ ಚಿಕ್ಕವನು ಟೇಬಲಿನ ಕೆಳಗೆ ಕುಕ್ಕರಿಸಿದ. ಅದೇ ಸದ್ದಿಗೆ ನಮ್ಮ ಎದೆಯೂ ಬಾಯಿಗೆ ಬಂದಿತ್ತು, ಆದರೆ ಕುಕ್ಕರಿಸಲಿಲ್ಲ. ಆ ಹೊತ್ತಿಗೆ ನಮಗೆ ಅದೇ ಧೈರ್ಯ. ಅಂದಿನಿಂದ ಅವನು ಶಾಲೆಗೂ ಬರಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ಎರಡು ವಾರದಲ್ಲಿ ಊರಿಗೆ ಹೋದ. ಸ್ಟೇಶನ್ನಿಗೆ ಬರಲಾರೆನೆಂದು ಬಸ್ಸಿನಲ್ಲಿ ಹೋದ. ಎಲ್ಲದರಲ್ಲಿಯೂ ಗಟ್ಟಿಯಿದ್ದ ಹುಡುಗ ಅವನು. ಮುಂದೆ ಓದಲಿಲ್ಲ. ಇಂದು ಅವರಿವರ ತೋಟಗಳಲ್ಲಿ ಅಡಿಕೆ ಕೊಯ್ಯುವ ಕೆಲಸಕ್ಕೆ ಹೋಗುತ್ತಾನೆ. ದುಡಿದು ತಿನ್ನುವುದರಲ್ಲಿ ತಪ್ಪಿಲ್ಲ, ಆದರೆ ಅವನು ಆರಿಸಿಕೊಂಡ ಕೆಲಸ ಅದಾಗಿರಲಿಲ್ಲ.

ಇನ್ನು ನಾವು. ಪುಸ್ತಕ ಕಳೆದುಹೋಯಿತೆಂಬ ನೆಪ ಸಿಕ್ಕಿತು. ಮನಸ್ಸು ಒಂದಿಷ್ಟು ತಹಬಂದಿಗೆ ಬರಲಿ, ಆಮೇಲೆ ಹೋಗೋಣ ಎಂದುಕೊಂಡೆವು. ಮಾಳಿಗೆಯ ಮೇಲೆ ಒಬ್ಬರೇ ಮಲಗಿದರೆ ಮನಸ್ಸು ಎಲ್ಲಿಂದ ತಹಬಂದಿಗೆ ಬರಬೇಕು? ಒಂದು ದಿನ ಮಧ್ಯಾಹ್ನ ಮಾಸ್ತರರೇ ಹುಡುಕಿಕೊಂಡು ಹೋಟೆಲಿಗೆ ಬಂದರು. ಅವರು ಬರುವುದನ್ನು ಕಂಡು ನಾವು ಮಾಳಿಗೆ ಹತ್ತಿ, ಇಲ್ಲವೆಂದು ಹೇಳಿಸಿದೆವು. ಅವರು ಒಂದು ಚಹ ಕುಡಿದು, ಗಲ್ಲಾದ ಮೇಲೆ ಎರಡು ಹೊಸ ನೋಟುಬುಕ್ಕು ಇಟ್ಟು ಹೋದರು. ಆ ಪುಸ್ತಕಗಳಲ್ಲಿ ಆ ವರ್ಷ ಹೋಟೆಲಿನ ಹಾಲಿನ ಲೆಕ್ಕ ಬರೆದೆವು.

ಗಣಿತದವನ ಸಂಗತಿ ಬೇರೆ. ನಮ್ಮೆಲ್ಲರಲ್ಲಿ ಹೆಚ್ಚು ಹೆದರಿದವನು ಅವನೇ ಎಂದು ಈಗ ತೋರುತ್ತದೆ. ಆದರೆ ಹೇಳಿಕೊಂಡಿದ್ದ. ಹೇಳಿಕೊಂಡದ್ದರಿಂದ ಮಾಸ್ತರರಿಗೆ ಏನು ಮಾಡಬೇಕೆಂದು ತಿಳಿಯಿತು. ಸ್ಟೇಶನ್ನಿಗೆ ಹೋಗಲಾರದವರನ್ನು ಶಾಲೆ ಬಿಟ್ಟ ಮೇಲೆ ಜೊತೆಯಾಗಿ ಬಸ್ ಸ್ಟಾಪಿನ ತನಕ ಕರೆದುಕೊಂಡು ಹೋಗಿ, ಬಸ್ಸು ಹೊರಡುವ ತನಕ ನಿಂತರು. ಹತ್ತು ಹನ್ನೆರಡು ದಿನ ಹೀಗೆ. ಆಮೇಲೆ ಒಂದು ಭಾನುವಾರ, ಹಾಡುಹಗಲಿನಲ್ಲಿ, ಎಲ್ಲರೂ ಕೂಡಿ ಸ್ಟೇಶನ್ನಿನೊಳಗೆ ಹೋಗಿ ಒಂದು ವಡಾಪಾವು ತಿಂದು ಹೊರಗೆ ಬಂದರಂತೆ. ಮರುವಾರ ಗಾಡಿ ಹತ್ತಿದರಂತೆ. ಮಾರ್ಚಿನಲ್ಲಿ ಅವನೂ ಬೇಕರಿಯ ಹುಡುಗನೂ ಪರೀಕ್ಷೆ ಬರೆದರು. ಪಾಸಾದರು. ಇಂದು ಅವನು ಒಂದು ಸಹಕಾರಿ ಬ್ಯಾಂಕಿನಲ್ಲಿ ಇದ್ದಾನೆ. ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ತನ್ನ ಹೆಸರು ಹೇಳಿಯೇನೋ ಎಂದು ನಮ್ಮನ್ನೇ ಗುರಾಯಿಸುತ್ತಿದ್ದಾನೆ. ಹೇಳುವುದಿಲ್ಲ. (ನಗು)

ಬಂಧುಗಳೇ, ಮುಂಬಯಿಯಲ್ಲಿ ಏನೇ ಆದರೂ ಮರುದಿನ ಪತ್ರಿಕೆಗಳು ಒಂದು ಮಾತನ್ನು ಬರೆಯುತ್ತವೆ: ಈ ನಗರದ ಧೈರ್ಯವನ್ನು ನೋಡಿರಿ, ಲೋಕಲ್ ಗಾಡಿಗಳು ತುಂಬಿ ಹೋಗುತ್ತಿವೆ ಎಂದು. 2006ರ ಜುಲೈ 11ರಂದು ಪಶ್ಚಿಮ ರೇಲ್ವೆಯಲ್ಲಿ 11 ನಿಮಿಷಗಳೊಳಗೆ ಏಳು ಕಡೆ ಬಾಂಬು ಸಿಡಿದು 180ಕ್ಕೂ ಹೆಚ್ಚು ಜನ ಸತ್ತಾಗಲೂ ಹಾಗೆಯೇ ಬರೆದರು. ನಾವು ಮುಂಬಯಿಗೆ ಬಂದು ಆಗ ಒಂದು ತಿಂಗಳು. ಮರುದಿನ ಗಾಡಿ ತುಂಬಿದ್ದು ನಿಜ. ಒಂದು ದಿನ ತಪ್ಪಿದರೆ ಪಗಾರ ಕಡಿತ, ಎರಡು ದಿನ ತಪ್ಪಿದರೆ ಬದಲಿ ಆಳು ತಯಾರು. ಕೆಲಸಗಾರ ಗಾಡಿ ಹತ್ತಿದ್ದಕ್ಕೆ ಕಾರಣ ಅದು. ಅವನ ಎದೆಯೊಳಗೆ ಏನಿತ್ತೆಂದು ಬರೆದವರು ಕೇಳಲಿಲ್ಲ. ಅಂಥ ಹೊಗಳಿಕೆಯಿಂದ ನಮಗೆ ಉಪಕಾರವಾಗಲಿಲ್ಲ, ಅಪಕಾರವೇ ಆಯಿತು. ಹೆದರಿಕೆಯಾದವನು ತಾನೊಬ್ಬನೇ ಹೇಡಿ ಎಂದುಕೊಳ್ಳುತ್ತಾನೆ.

ಹೇಳಿಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ಕಣ್ಣೆದುರಿನದೇ ಇನ್ನೊಂದು ಪ್ರಸಂಗ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜಪೆಯ ಹತ್ತಿರ ಕೆಂಜಾರಿನಲ್ಲಿ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಉಳಿದರು. ಅಂದು ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಊರಿಗೆ ಫೋನು ಮಾಡದವರಿಲ್ಲ. ಭಟ್ಟರು ಒಲೆಯ ಮುಂದೆ ಅತ್ತರು, ಮ್ಯಾನೇಜರರು ಗಲ್ಲಾದಲ್ಲಿ ಅತ್ತರು, ತಮ್ಮವರು ಯಾರೂ ಹೋಗದವರೂ ಅತ್ತರು. ಯಾರೂ ಯಾರನ್ನೂ ಪುಕ್ಕಲೆನ್ನಲಿಲ್ಲ. ರಾತ್ರಿ ಎಲ್ಲರೂ ಒಟ್ಟಿಗೆ ಗಂಜಿ ಉಂಡೆವು. ಒಂದು ವಾರದಲ್ಲಿ ಕೆಲಸ ತನ್ನ ದಾರಿ ಹಿಡಿಯಿತು. ಅದೇ ಜನ, ಅದೇ ಹೋಟೆಲು. ಒಂದೂವರೆ ವರ್ಷದ ಹಿಂದೆ ನಾವು ಮೂವರು ಹುಡುಗರು ನಡುಗಿದಾಗ ಮಾತ್ರ ಅದು ತಮಾಷೆಯ ವಿಷಯವಾಗಿತ್ತು. ಊರಿನ ದುಃಖಕ್ಕೆ ನೆರೆಕರೆಯಿದ್ದರು, ಹುಡುಗರ ಹೆದರಿಕೆಗೆ ಇರಲಿಲ್ಲ.

ಈ ಮಾತನ್ನು ಲಾಲಬಾಗದ ಚಾಳಿನಲ್ಲಿರುವ ನಮ್ಮ ಹಿರಿಯ ಗಿರಣಿ ಕಾರ್ಮಿಕರೊಬ್ಬರ ಮುಂದೆ ಇಟ್ಟೆವು. ಅವರು 1982ರ ಜನವರಿ 18ರಂದು ಆರಂಭವಾದ ದೊಡ್ಡ ಮುಷ್ಕರವನ್ನು ಕಂಡವರು, ಗಿರಣಿಯ ಭೋಂಗಾ ನಿಂತ ಮೇಲೆಯೂ ಚಾಳು ಬಿಡದವರು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ದಂಗೆಗಳಲ್ಲಿ ಮುಂಬಯಿಯಲ್ಲಿ 900 ಜನ ಸತ್ತರೆಂದು ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿತು; ಆ ಮೇಲೆ ಮಾರ್ಚ್ 12ರಂದು ಬಾಂಬುಗಳು, ಇನ್ನೂ 257 ಜನ. ಆ ದಿನಗಳಲ್ಲಿ ಮಕ್ಕಳನ್ನು ಹೇಗೆ ಸುಧಾರಿಸಿದಿರಿ ಎಂದು ಕೇಳಿದೆವು. ಅವರು ಹೇಳಿದ್ದು ಇಷ್ಟು: ಚಾಳಿನ ಗ್ಯಾಲರಿಯಲ್ಲಿ ಬೆಳಿಗ್ಗೆ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಮಕ್ಕಳಾದಿಯಾಗಿ ಎಲ್ಲರೂ ಕೇಳುವುದು, ಕೇಳಬೇಕಾದದ್ದನ್ನು ಅಲ್ಲಿಯೇ ಕೇಳುವುದು. ಓದಿ ಆದ ಮೇಲೆ ಪತ್ರಿಕೆಯನ್ನು ಮಡಿಸಿ ಹಿಟ್ಟಿನ ಡಬ್ಬಿಯ ಕೆಳಗೆ ಹಾಸುವುದು. ಮರುದಿನದ ತನಕ ಸುದ್ದಿ ಬಂದ್. ಹಾಲಿಗೆ ವಿಷ ಹಾಕಿದ್ದಾರೆಂದು ಯಾರಾದರೂ ಓಡಿ ಬಂದರೆ ‘ನೀನು ಕಣ್ಣಾರೆ ಕಂಡೆಯಾ?’ ಎಂದು ಒಂದೇ ಪ್ರಶ್ನೆ. ಕಂಡವನು ಒಬ್ಬನೂ ಸಿಕ್ಕಲಿಲ್ಲವಂತೆ.

ಆ ಮುದುಕರು ಗ್ಯಾಲರಿಯಲ್ಲಿ ಕಂಡುಕೊಂಡದ್ದನ್ನು ಅಮೆರಿಕದ ವಿದ್ವಾಂಸರು ಲೆಕ್ಕ ಹಾಕಿ ಕಂಡುಕೊಂಡಿದ್ದಾರೆ. 2013ರ ಏಪ್ರಿಲಿನಲ್ಲಿ ಬೋಸ್ಟನ್ ನಗರದ ಓಟದ ಪಂದ್ಯದಲ್ಲಿ ಬಾಂಬು ಸಿಡಿಯಿತು. ಆ ವಾರ ದಿನಕ್ಕೆ ಆರು ತಾಸು, ಅದಕ್ಕೂ ಮೇಲೆ ಅದರ ಸುದ್ದಿಯನ್ನೇ ನೋಡುತ್ತ ಕುಳಿತವರಲ್ಲಿ, ಆ ಸ್ಥಳದಲ್ಲಿಯೇ ಇದ್ದವರಿಗಿಂತ ಹೆಚ್ಚಿನ ಕಳವಳ ಕಂಡುಬಂತೆಂದು 2014ರಲ್ಲಿ ಪ್ರಕಟಿಸಿದರು. ಅಂದರೆ ತಟ್ಟೆ ಎತ್ತುವ ನಮ್ಮ ಹುಡುಗ ಅಹಮದಾಬಾದಿಗೆ ಹೋಗಬೇಕಾಗಿರಲಿಲ್ಲ. ಅಂಗೈಯಲ್ಲಿಯೇ ಅಹಮದಾಬಾದು ಇತ್ತು, ರಾತ್ರಿ ಎರಡು ಗಂಟೆಯ ತನಕ. ನಮ್ಮ ಕಾಲದಲ್ಲಿ ಗಲ್ಲಾದವರು ಟಿ.ವಿ. ಆರಿಸಿದರೆ ಮುಗಿಯಿತು, ನಿಮ್ಮದನ್ನು ಹೊದಿಕೆಯೊಳಗೆ ಆರಿಸುವವರು ನೀವೇ. ಮೊಬೈಲು ಬಿಡಿ ಎಂದು ನಾವು ಹೇಳುವುದಿಲ್ಲ, ಊರಿನ ತಾಯಿಯ ಮುಖವೂ ಅದರಲ್ಲಿಯೇ ಕಾಣುವುದು. ಮಲಗುವ ಹೊತ್ತಿಗೆ ಕಾಣುವುದು ಆ ಮುಖವಾಗಿರಲಿ.

ಮೈಯ ವಿಷಯವನ್ನೂ ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು, ಬೇಡವೆಂದರೂ ಚಿತ್ರ ಕಣ್ಣೆದುರು ಬರುವುದು, ಅನ್ನ ಸೇರದಿರುವುದು, ಓದಿದ್ದು ತಲೆಗೆ ಹತ್ತದಿರುವುದು — ಇವು ಹೇಡಿತನವೂ ಅಲ್ಲ, ಹುಚ್ಚೂ ಅಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ತಿಂಗಳು ಕಳೆದರೂ ಇಳಿಯದಿದ್ದರೆ, ಅಥವಾ ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ, ಆಗ ತಿಂಗಳು ಕಾಯಬಾರದು, ಅಂದೇ ವೈದ್ಯರ ಬಳಿಗೆ ಹೋಗಬೇಕು. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಾಯನ್ ಆಸ್ಪತ್ರೆ — ಈ ಮೂರು ಮುನಿಸಿಪಾಲಿಟಿಯ ಆಸ್ಪತ್ರೆಗಳಲ್ಲಿಯೂ ಮನಸ್ಸಿನ ರೋಗದ ವಿಭಾಗವಿದೆ. 2022ರ ಅಕ್ಟೋಬರದಿಂದ ಸರಕಾರದ ‘ಟೆಲಿ ಮಾನಸ್’ ಎಂಬ ಫೋನು ಇದೆ, ನಂಬರು 14416, ದುಡ್ಡಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ನಮ್ಮ ಕಾಲದಲ್ಲಿ ಅದಿರಲಿಲ್ಲ. ಇದ್ದಿದ್ದರೂ ನಾವು ‘ಏನೂ ಆಗಲಿಲ್ಲ ಸರ್’ ಎನ್ನುತ್ತಿದ್ದೆವೋ ಏನೋ.

ನಗುವವರಿಗೆ ಒಂದು ಮಾತು. ಅಂದು ಸಿ.ಎಸ್.ಟಿ.ಯಲ್ಲಿ ದೇವಿಕಾ ರೋಟಾವನ್ ಎಂಬ, ಹತ್ತು ವರ್ಷ ತುಂಬದ ಹುಡುಗಿಯ ಬಲಗಾಲಿಗೆ ಗುಂಡು ತಗುಲಿತು. 2009ರ ಜೂನಿನಲ್ಲಿ ಅವಳು ಊರುಗೋಲು ಹಿಡಿದು ಕೋರ್ಟಿಗೆ ಬಂದು ಕಸಾಬನನ್ನು ಬೆರಳು ಮಾಡಿ ತೋರಿಸಿದಳು. ಇಡೀ ದೇಶ ಹೊಗಳಿತು. ಆದರೆ ಶಾಲೆಯಲ್ಲಿ ಮಕ್ಕಳು ಅವಳನ್ನು ಕಸಾಬನ ಹೆಸರು ಹಿಡಿದು ಕೂಗಿ ಅಣಕಿಸಿದರೆಂದು ಅವಳೇ ಮುಂದೆ ಹೇಳಿಕೊಂಡಿದ್ದಾಳೆ. ಗುಂಡಿನ ಗಾಯಕ್ಕೆ ಎಷ್ಟೋ ಶಸ್ತ್ರಕ್ರಿಯೆ ಮಾಡಿದರು. ತರಗತಿಯ ನಗೆಗೆ ಯಾರು ಮಾಡುವವರು?

ಇನ್ನು ಮಾತು ಸಾಕು, ಕೆಲಸದ ವಿಷಯ. ವಾಚನಾಲಯದಲ್ಲಿ ಈ ಸೋಮವಾರದಿಂದ ಸಂಜೆ ಆರೂಕಾಲಿಗೆ, ತರಗತಿಯ ಮುಂಚೆ, ಪತ್ರಿಕೆಯನ್ನು ಒಬ್ಬರು ಗಟ್ಟಿಯಾಗಿ ಓದುವುದೆಂದು ಗೊತ್ತುಮಾಡಿದ್ದೇವೆ. ಲಾಲಬಾಗದ ಹಿರಿಯರು ಮೊದಲ ವಾರ ಬಂದು ಓದಲು ಒಪ್ಪಿದ್ದಾರೆ, ಕನ್ನಡಕ ಮರೆಯದಿದ್ದರೆ. ಶಾಲೆ ಬಿಟ್ಟ ಮೇಲೆ ಠಾಣೆ ಕಡೆಯವರು ಒಂದು ಗುಂಪು, ಅಂಧೇರಿ ಬೋರಿವಲಿ ಕಡೆಯವರು ಒಂದು ಗುಂಪು, ಗುಂಪಿಗೊಬ್ಬ ದೊಡ್ಡವನು. ಬಾಗಿಲಲ್ಲಿ ಜೋತುಕೊಳ್ಳಬೇಕಾಗುವಂಥ ಗಾಡಿಯನ್ನು ಬಿಟ್ಟು ಮುಂದಿನದನ್ನು ಕಾಯಬೇಕು. ತಡವಾದದ್ದಕ್ಕೆ ಹೋಟೆಲಿನಲ್ಲಿ ಯಾರಾದರೂ ಗದರಿಸಿದರೆ ಸಂಘದವರು ಬಂದು ಮಾತಾಡುತ್ತಾರೆ.

ಆ ಇಬ್ಬರು ಹುಡುಗರ ಹೋಟೆಲುಗಳಿಗೆ ನಾಳೆ ಮಧ್ಯಾಹ್ನ ಮೂರಕ್ಕೆ ಹೋಗುತ್ತೇವೆ. ಊಟದ ಗಿರಾಕಿ ಮುಗಿದು ಚಹದ ಗಿರಾಕಿ ಏರುವ ಮುಂಚಿನ ಹೊತ್ತು, ಅವರಿಗೂ ಪುರುಸೊತ್ತಿರುತ್ತದೆ. ಅವರ ತರಗತಿಯ ಇಬ್ಬರು ಮೂವರು ನಮ್ಮ ಜೊತೆ ಬರಬೇಕು. ಮಾಳಿಗೆಯ ಮೇಲೆ ಇಲ್ಲವೆಂದು ಹೇಳಿಸಿದರೆ ಏಣಿ ಹತ್ತಿ ಹೋಗೋಣ. ಆ ಏಣಿಗಳು ನಮಗೆ ಗೊತ್ತು. ಬರುವವರು ಖಾಲಿ ನೋಟುಬುಕ್ಕು ತರಬೇಡಿ. ಜೂನ್ ತಿಂಗಳ ಪಾಠವನ್ನು ಬರೆದುಕೊಂಡಿರುವ ನಿಮ್ಮ ಸ್ವಂತ ಪುಸ್ತಕಗಳನ್ನೇ ತನ್ನಿ, ಅಲ್ಲಿಯೇ ಕುಳಿತು ಅವರಿಂದ ನಕಲು ಮಾಡಿಸೋಣ.